ಆಂಬುಲೆನ್ಸಿನವರಿಗೆ ನಾನು ಹೇಳಿದ ಸುಳ್ಳು



ಮಂಡಕ್ಕಿ ಒಗ್ಗರಣೆಗೆ ಹಸಿಮೆಣಸಿನಕಾಯಿ ಎಷ್ಟು ಹಾಕಬೇಕು, ರಾಗಿ ಹಪ್ಪಳಕ್ಕೆ ಹಿಟ್ಟನ್ನು ಹೇಗೆ ಕುದಿಸಬೇಕು ಎಂದು ಕೇಳಿದರೆ ನಾನು ಧೈರ್ಯವಾಗಿ ಬರೆಯಬಲ್ಲೆ. ಎಸ್.ಎಸ್.ಎಲ್.ಸಿ. ಮುಗಿಸಿ, ಮದುವೆಯಾಗಿ ಬಂದು, ಇಪ್ಪತ್ತೈದು ವರ್ಷದಿಂದ ಹೊರಕೆರೆದೇವಪುರದಲ್ಲಿ ಒಲೆಯ ಮುಂದೆ ನಿಂತವಳು ನಾನು. ಆಂಬುಲೆನ್ಸು, ಕಂಪ್ಯೂಟರು, ಉಪಗ್ರಹ ಎಂದೆಲ್ಲ ಬರೆಯಲು ಹೊರಟರೆ "ಇವಳಿಗೇಕಪ್ಪ ಈ ಉಸಾಬರಿ?" ಎಂದು ನಿಮಗೆ ಅನ್ನಿಸಬಹುದು. ಅನ್ನಿಸಲಿ. ಆದರೂ ಕೊನೆಯವರೆಗೆ ಓದಿ. ಆ ಯಂತ್ರಗಳೆಲ್ಲ ಕೆಲಸ ಶುರು ಮಾಡುವುದು ನಮ್ಮ ನಿಮ್ಮ ಅಡಿಗೆಮನೆಯಿಂದ ಎಂಬುದು ನನಗೆ ಒಂದು ರಾತ್ರಿ ಚೆನ್ನಾಗಿ ಗೊತ್ತಾಯಿತು. ಜೊತೆಗೆ ನನ್ನದೊಂದು ತಪ್ಪೊಪ್ಪಿಗೆಯೂ ಇದೆ. ಅದನ್ನು ಹೇಳಿಕೊಳ್ಳದೆ ಮನಸ್ಸಿಗೆ ಸಮಾಧಾನವಿಲ್ಲ.

ಮೊದಲು ನಮ್ಮೂರಿನ ವಿಚಾರ. ಚಿತ್ರದುರ್ಗ ಜಿಲ್ಲೆ, ಹೊಳಲ್ಕೆರೆ ತಾಲ್ಲೂಕು. ಲಕ್ಷ್ಮೀನರಸಿಂಹಸ್ವಾಮಿಯ ದೇವಸ್ಥಾನ ಇರುವ ಊರು. ಹೆಸರು ಸ್ವಲ್ಪ ಉದ್ದವಾದ್ದರಿಂದ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಹೊರಕೆರೆದೇವಪುರ ಎನ್ನುವವರುಂಟು, ಹೊರಕೆರೆದೇವರಪುರ ಎನ್ನುವವರುಂಟು. ಬಸ್ಸಿನವರ ಬಾಯಲ್ಲಿ ಎಚ್.ಡಿ. ಪುರ. ನಮ್ಮತ್ತೆಯವರ ಬಾಯಲ್ಲಿ ಬರೀ 'ದೇವ್ರಪುರ'. ಇನ್ನು ಚಿತ್ರದುರ್ಗವನ್ನು ನಾವ್ಯಾರೂ ಪೂರ್ತಿ ಹೆಸರಿಟ್ಟು ಕರೆಯುವುದಿಲ್ಲ, 'ದುರ್ಗ' ಅಂದರೆ ಮುಗಿಯಿತು. ಹೊಸದುರ್ಗ ಬೇರೆ ಪಕ್ಕದ ತಾಲ್ಲೂಕು. ನಮ್ಮ ಮನೆಯಿರುವುದೋ ಊರೊಳಗಲ್ಲ, ಒಂದೂವರೆ ಕಿಲೋಮೀಟರು ಆಚೆ ಅಡಿಕೆ ತೋಟದಲ್ಲಿ. ಇದೆಲ್ಲ ನಮಗೆ ಗೊತ್ತಿದ್ದರೆ ಸಾಕಲ್ಲ, ಊರಿನವರಿಗೆಲ್ಲ ಗೊತ್ತೇ ಇದೆ, ಎಂದುಕೊಂಡಿದ್ದೆ. ಬೆಂಗಳೂರಿನಲ್ಲಿ ಕೂತು ಫೋನ್ ಎತ್ತುವ ಹುಡುಗಿಗೆ ಗೊತ್ತಿರಬೇಕಲ್ಲವೆ!

2024ರ ಕಾರ್ತಿಕ ಮಾಸ. ನಮ್ಮ ಯಜಮಾನರು ಅಡಿಕೆ ವ್ಯಾಪಾರದ ಲೆಕ್ಕ ಅಂತ ಭೀಮಸಮುದ್ರಕ್ಕೆ ಹೋಗಿದ್ದರು. ಮನೆಯಲ್ಲಿ ಅತ್ತೆಯವರು, ನಾನು, ಪಿ.ಯು.ಸಿ. ಓದುವ ಮಗಳು. ಸಂಜೆ ದೀಪ ಹಚ್ಚಿ ಏಳು ಗಂಟೆಯ ಹೊತ್ತಿಗೆ ಅತ್ತೆಯವರು ಪಡಸಾಲೆಯ ಕಂಬಕ್ಕೆ ಒರಗಿ ಕೂತವರು, "ಎದೆ ಒಂಥರಾ ಹಿಡ್ಕಂಡಂಗೈತೆ ಕಣವ್ವ" ಎಂದರು. ಸಂಜೆ ಮಂಡಕ್ಕಿ ಮಿರ್ಚಿ ಮಾಡಿದ್ದೆ. ಎರಡು ಮಿರ್ಚಿ ತಿಂದಿದ್ದರು.

"ವಾಯು ಇರಬೇಕು ಅತ್ತೆ" ಎಂದೆ.

"ಅದೇ ಇರ್ಬೇಕು" ಎಂದರು ಅವರೂ.

ನೀವೂ ಹೀಗೇ ಅನ್ನುತ್ತಿದ್ದಿರಿ, ಅಲ್ಲವೆ? ಓಮ, ಜೀರಿಗೆ ಹಾಕಿ ಕಷಾಯ ಕಾಯಿಸಿ ಕೊಟ್ಟೆ. ಕಮ್ಮಿಯಾಗಲಿಲ್ಲ. ಬೆನ್ನಿಗೆ ಬಿಸಿ ಎಣ್ಣೆ ತಿಕ್ಕಿದೆ. "ನೋವು ಗದ್ದದ ತನಕ ಬರ್ತೈತೆ" ಎಂದರು. ಸೋಡಾ ಕುಡಿಸಿದೆ. "ನಿನ್ ಗಂಡಂಗೆ ಫೋನ್ ಮಾಡ್ಬ್ಯಾಡ, ಸುಮ್ನೆ ಗಾಬ್ರಿ ಬೀಳ್ತಾನೆ" ಎಂದರು. ಸರಿ ಎಂದೆ. ಇನ್ನೊಂದು ಮಾತು, ಬರೆಯುವಾಗ ಕೈ ತಡೆಯುತ್ತದೆ, ಆದರೂ ಬರೆಯುತ್ತೇನೆ. ನಡುವೆ ಅರ್ಧ ಗಂಟೆ ಟಿ.ವಿ.ಯಲ್ಲಿ ಧಾರಾವಾಹಿಯನ್ನೂ ನೋಡಿದೆ. ಎಂಟೂವರೆಗೆ ತಿರುಗಿ ನೋಡಿದರೆ ಆ ಚಳಿಯಲ್ಲೂ ಅತ್ತೆಯವರ ರವಿಕೆ ಬೆವರಿನಲ್ಲಿ ಒದ್ದೆ. ವಾಂತಿಯಾಯಿತು. ಉಸಿರು ಮೇಲಕ್ಕೆ ಎಳೆಯುತ್ತಿತ್ತು. ಆಗ 108ಕ್ಕೆ ಫೋನ್ ಮಾಡಿದೆ.

"ಎಲ್ಲಿಂದ ಮಾತಾಡ್ತಿದೀರಮ್ಮ?"

"ದೇವ್ರಪುರದಿಂದ, ದುರ್ಗದ ಹತ್ರ. ನಮ್ಮತ್ತೆಗೆ ಎದೆನೋವು. ಬೇಗ ಕಳಿಸಿ."

"ಯಾವ ದುರ್ಗ ಅಮ್ಮ? ತಾಲ್ಲೂಕು ಯಾವುದು?"

ಕೇಳಿಸಿತು, ಆದರೆ ತಲೆಗೆ ಹೋಗಲಿಲ್ಲ. ಹೇಳಬೇಕಾದ್ದು ಹೇಳಿಯಾಯಿತಲ್ಲ ಎಂದು ಫೋನ್ ಇಟ್ಟುಬಿಟ್ಟೆ. ಇಟ್ಟವಳು ಸುಮ್ಮನಿದ್ದೆನೆ? ಯಜಮಾನರಿಗೆ ಮಾಡಿದೆ, ಮೈದುನನಿಗೆ ಮಾಡಿದೆ, ಪಕ್ಕದ ತೋಟದವರಿಗೆ ಮಾಡಿದೆ. ಎಲ್ಲರ ಹತ್ತಿರವೂ ಅಳುವುದು, ಅದನ್ನೇ ಹೇಳುವುದು. ಹತ್ತು ನಿಮಿಷವಾದ ಮೇಲೆ ಮಗಳು ಬಂದು ಫೋನ್ ಕಿತ್ತುಕೊಂಡಳು. "ಅಮ್ಮಾ, 108ನವರು ವಾಪಸ್ ಮಾಡ್ತಾನೇ ಇದಾರೆ. ನಿನ್ನ ಲೈನ್ ಖಾಲಿ ಇದ್ರೆ ತಾನೆ!"

ಸೋದರಿಯರೆ, ಆ ಹತ್ತು ನಿಮಿಷದಲ್ಲಿ ಆ ಕಡೆ ಏನಾಗುತ್ತಿತ್ತು ಎಂಬುದನ್ನು ಆಮೇಲೆ ತಿಳಿದುಕೊಂಡೆ. ನಮ್ಮ ರಾಜ್ಯದಲ್ಲಿ 'ಆರೋಗ್ಯ ಕವಚ' ಎಂಬ ಹೆಸರಿನಲ್ಲಿ 108 ಆಂಬುಲೆನ್ಸು ಶುರುವಾದದ್ದು 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ನಾವು ಕರೆ ಮಾಡಿದರೆ ಕರೆ ಕೇಂದ್ರದಲ್ಲಿ ಕಂಪ್ಯೂಟರಿನ ಮುಂದೆ ಕೂತವರು ಎತ್ತುತ್ತಾರೆ. ನಮ್ಮ ನಂಬರು ಅವರ ಪರದೆಯ ಮೇಲೆ ತಾನಾಗಿ ಮೂಡುತ್ತದೆ. ನಮ್ಮ ಮನೆಯ ಬಾಗಿಲು ಮೂಡುವುದಿಲ್ಲ! ಅದನ್ನು ನಾವೇ ಹೇಳಬೇಕು. ಜಿಲ್ಲೆ, ತಾಲ್ಲೂಕು, ಊರು ಎಂದು ಅವರು ಒಂದೊಂದೇ ತುಂಬುತ್ತ ಹೋದರೆ, ಸುತ್ತಮುತ್ತ ಯಾವ ಗಾಡಿ ಬಿಡುವಾಗಿದೆ, ಯಾವುದು ಹತ್ತಿರವಿದೆ ಎಂಬುದು ನಕ್ಷೆಯ ಮೇಲೆ ಕಾಣುತ್ತದೆ. ಪ್ರತಿ ಗಾಡಿಯಲ್ಲೂ ಜಿ.ಪಿ.ಎಸ್. ಎಂಬ ಉಪಕರಣ ಕೂರಿಸಿರುವುದು ಅದಕ್ಕಾಗಿಯೇ. ಅಷ್ಟು ದೊಡ್ಡ ಏರ್ಪಾಡು ನನ್ನ 'ದುರ್ಗದ ಹತ್ರ' ಎಂಬ ಮಾತಿನ ಮುಂದೆ ಕೈಕಟ್ಟಿ ನಿಂತಿತ್ತು. ಒಲೆ ಉರಿಯುತ್ತಿದೆ, ಪಾತ್ರೆ ಇದೆ, ಆದರೆ ಅಕ್ಕಿಯನ್ನೇ ಕೊಡಲಿಲ್ಲ ಎಂದಹಾಗೆ.

ಮಗಳು ಹೇಳಿದಳು, ಶಾಲೆಯಲ್ಲಿ ಪಾಠ ಒಪ್ಪಿಸಿದ ಹಾಗೆ: "ಚಿತ್ರದುರ್ಗ ಜಿಲ್ಲೆ, ಹೊಳಲ್ಕೆರೆ ತಾಲ್ಲೂಕು, ಹೊರಕೆರೆದೇವಪುರ. ಎಚ್.ಡಿ. ಪುರ ಅಂತಲೂ ಅಂತಾರೆ. ಊರಿಂದ ಒಂದೂವರೆ ಕಿಲೋಮೀಟರು ತೋಟದ ಮನೆ." ಸ್ವಲ್ಪ ಹೊತ್ತಿಗೆ ಗಾಡಿಯ ಚಾಲಕರೇ ಫೋನ್ ಮಾಡಿದರು. ಅವರನ್ನು ಪೈಲಟ್ ಎನ್ನುತ್ತಾರೆ. "ಮ್ಯಾಪಿನಲ್ಲಿ ಊರು ಸಿಕ್ತಮ್ಮ, ನಿಮ್ಮ ತೋಟ ಸಿಕ್ತಿಲ್ಲ. ವಾಟ್ಸ್‌ಆ್ಯಪಿನಲ್ಲಿ ಲೊಕೇಶನ್ ಕಳಿಸ್ತೀರಾ?" ಮಗಳು ಕಳಿಸಿದಳು. ನೋಡಿದರೆ ಆ ನೀಲಿ ಚುಕ್ಕೆ ನಮ್ಮ ಮನೆ ಬಿಟ್ಟು ಆಚೆ ಹಳ್ಳದ ದಂಡೆಯ ಮೇಲೆ ಕೂತಿತ್ತು. ಅವಳು ಅಂಗಳಕ್ಕೆ ಓಡಿ, ಆಕಾಶ ಕಾಣುವ ಕಡೆ ನಿಂತು ಇನ್ನೊಮ್ಮೆ ಕಳಿಸಿದಳು. ಈ ಸಲ ಸರಿಯಾಗಿ ಬಂತು. ಮೇಲಿರುವ ಉಪಗ್ರಹಗಳಲ್ಲಿ ಕಡೇಪಕ್ಷ ನಾಲ್ಕರ ಸಂಕೇತವಾದರೂ ಫೋನಿಗೆ ಸಿಕ್ಕಬೇಕಂತೆ, ಆಗಲೇ ಅದಕ್ಕೆ ತಾನಿರುವ ಜಾಗದ ಲೆಕ್ಕ ಸರಿಯಾಗಿ ಸಿಗುವುದು. ತಾರಸಿಯ ಕೆಳಗೆ, ಗೋಡೆಗಳ ನಡುವೆ ಆ ಸಂಕೇತ ಮಸುಕಾಗುತ್ತದೆ. ಪಕ್ಕದ ತೋಟದ ಹುಡುಗ ಬ್ಯಾಟರಿ ಹಿಡಿದು ಊರ ತಿರುವಿನಲ್ಲಿ ನಿಂತ. ಉಪಗ್ರಹವೂ ಬೇಕಾಯಿತು, ಬ್ಯಾಟರಿ ಹಿಡಿದ ಹುಡುಗನೂ ಬೇಕಾಯಿತು.

ಗಾಡಿ ಬಂದಾಗ ಒಂಬತ್ತು ಇಪ್ಪತ್ತು. ಇಳಿದವಳು ನನ್ನ ಅಕ್ಕನ ಮಗಳ ವಯಸ್ಸಿನ ಹುಡುಗಿ. ಆಂಬುಲೆನ್ಸಿನಲ್ಲಿ ರೋಗಿಯನ್ನು ನೋಡಿಕೊಳ್ಳಲೆಂದೇ ತರಬೇತಾದವರನ್ನು ಇ.ಎಂ.ಟಿ. ಎನ್ನುತ್ತಾರೆ, ಅವಳು ಅದು. ಅತ್ತೆಯವರ ಬೆರಳನ್ನು ತನ್ನ ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಂಥದ್ದೊಂದನ್ನು ಸಿಕ್ಕಿಸಿದಳು. ಆ ಕ್ಲಿಪ್ಪು ಬೆರಳಿನೊಳಗೆ ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಇನ್ನೊಂದು ಬೆಳಕನ್ನೂ ಹಾಯಿಸಿ, ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಅಳೆಯುತ್ತದೆ. ಕೈ ತಣ್ಣಗಿದ್ದರೆ, ಉಗುರಿಗೆ ಗಾಢ ಬಣ್ಣ ಹಚ್ಚಿದ್ದರೆ ಲೆಕ್ಕ ತಪ್ಪಬಹುದು. ರಕ್ತದೊತ್ತಡ ನೋಡಿದಳು, ಸಕ್ಕರೆ ನೋಡಿದಳು, ಆಮ್ಲಜನಕ ಹಚ್ಚಿದಳು. ಎಲ್ಲ ನಾಲ್ಕೈದು ನಿಮಿಷದಲ್ಲಿ. ಅಷ್ಟರಲ್ಲಿ ಯಜಮಾನರ ಬೈಕು ಅಂಗಳಕ್ಕೆ ಬಂತು. ಅವರು ಒಳಗೆ ಕಾಲಿಡುವುದಕ್ಕೂ ಆ ಹುಡುಗಿ ನನ್ನನ್ನು ಕೇಳುವುದಕ್ಕೂ ಸರಿಹೋಯಿತು:

"ನೋವು ಎಷ್ಟು ಗಂಟೆಗೆ ಶುರುವಾಯ್ತು ಅಮ್ಮ?"

ಯಜಮಾನರು ನನ್ನ ಮುಖವನ್ನೇ ನೋಡುತ್ತಿದ್ದರು. ಅಮ್ಮನಿಗೆ ಏಳು ಗಂಟೆಯಿಂದ ಎದೆನೋವು, ನೀನು ಕಷಾಯ ಕಾಯಿಸಿಕೊಂಡು ಕೂತಿದ್ದೆಯಾ, ಎನ್ನುತ್ತಾರೆ ಅಂತ ಅನ್ನಿಸಿತು. ಬಾಯಿಗೆ ಬಂದದ್ದು ಒಂದೇ ಮಾತು.

"ಎಂಟೂವರೆಗೆ."

ಅವಳು ಹಾಗೇ ದಾಖಲು ಮಾಡಿಕೊಂಡಳು. ಅವಳೇಕೆ ಅನುಮಾನಿಸುತ್ತಾಳೆ?

ಗಾಡಿ ಹೊರಟಿತು. ನಾನು ಅತ್ತೆಯವರ ಕಾಲ ಹತ್ತಿರ ಕೂತಿದ್ದೆ. ಆ ಹುಡುಗಿ ಫೋನಿನಲ್ಲಿ ಕೇಂದ್ರದ ವೈದ್ಯರಿಗೆ ಎಲ್ಲ ಹೇಳುತ್ತಿದ್ದಳು. ಗಾಡಿಯಲ್ಲಿ ಡಾಕ್ಟರು ಇರುವುದಿಲ್ಲ, ಆದರೆ ಬೇಕೆಂದಾಗ ಕೇಂದ್ರದಲ್ಲಿರುವ ಡಾಕ್ಟರನ್ನು ಕೇಳಿ ಅವರು ಹೇಳಿದಂತೆ ಮಾಡುತ್ತಾರೆ. ವಯಸ್ಸು ಇಷ್ಟು, ರಕ್ತದೊತ್ತಡ ಇಷ್ಟು, ಬೆವರು, ವಾಂತಿ, "ನೋವು ಶುರುವಾಗಿದ್ದು ಎಂಟೂವರೆಗೆ ಸರ್." ನನ್ನ ಸುಳ್ಳು ನಮಗಿಂತ ಮುಂದೆ ಓಡುತ್ತಿತ್ತು.

ಹಿಂದೆ ಆಂಬುಲೆನ್ಸೆಂದರೆ ಒಂದು ಮಂಚ, ಒಂದು ಗಂಟೆ ಸದ್ದು, ಅಷ್ಟೆ. ಆಸ್ಪತ್ರೆಯನ್ನೇ ರೋಗಿಯ ಹತ್ತಿರ ಒಯ್ದರೆ ಹೇಗೆ ಎಂದು ಐರ್ಲೆಂಡ್ ದ್ವೀಪದ ಬೆಲ್‌ಫಾಸ್ಟ್ ನಗರದಲ್ಲಿ ಡಾ. ಫ್ರಾಂಕ್ ಪ್ಯಾಂಟ್ರಿಜ್ ಎನ್ನುವವರು ಯೋಚಿಸಿದರು. ನಿಂತ ಹೃದಯಕ್ಕೆ ವಿದ್ಯುತ್ತಿನ ಪೆಟ್ಟು ಕೊಡುವ ಯಂತ್ರವನ್ನು 1966ರಲ್ಲಿ ಆಂಬುಲೆನ್ಸಿಗೆ ಏರಿಸಿದವರು ಅವರು. ಆ ಮೊದಲ ಯಂತ್ರ ಕಾರಿನ ಬ್ಯಾಟರಿಯಲ್ಲಿ ನಡೆಯುತ್ತಿತ್ತು, ತೂಕ 70 ಕಿಲೋ! ಈಗ ಅದೇ ಯಂತ್ರವನ್ನು ಒಂದು ಕೈಯಲ್ಲಿ ಹಿಡಿದು ಓಡಾಡಬಹುದು. ಯಂತ್ರ ಹಗುರವಾಗುತ್ತ ಬಂದಿದೆ, ಜಾಣವಾಗುತ್ತ ಬಂದಿದೆ. ಆದರೆ ನೋವು ಎಷ್ಟು ಹೊತ್ತಿಗೆ ಬಂತು ಎಂದು ಹೇಳುವ ಯಂತ್ರ ಇನ್ನೂ ಬಂದಿಲ್ಲ. ಅದಕ್ಕೆ ಮನೆಯವರ ಬಾಯೇ ಆಗಬೇಕು.

ಆಸ್ಪತ್ರೆಗೆ ಹೋದೊಡನೆ ಇ.ಸಿ.ಜಿ. ತೆಗೆಯಬೇಕೆಂದರು. ರವಿಕೆ ಬಿಚ್ಚಬೇಕು. ಅಷ್ಟು ನೋವಿನಲ್ಲೂ ಅತ್ತೆಯವರು ಸೆರಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಬಿಟ್ಟರು. "ಗಂಡಸ್ರು ಅದಾರೆ" ಎಂದರು. ನರ್ಸಮ್ಮ ಪುಣ್ಯಾತ್ಗಿತ್ತಿ, ಬೈಯಲಿಲ್ಲ. ಅಡ್ಡ ಒಂದು ದುಪ್ಪಟಿ ಹಿಡಿಯಲು ನನಗೆ ಹೇಳಿ, ತಾನೇ ತಂತಿಗಳನ್ನು ಅಂಟಿಸಿದರು. ಮೈಗೆ ಅಂಟಿಸುವುದು ಹತ್ತು ಕಡೆ, ಹೃದಯದ ವಿದ್ಯುತ್ತನ್ನು ಹನ್ನೆರಡು ಕೋನದಿಂದ ಗೆರೆ ಬರೆದು ತೋರಿಸುತ್ತದೆ. ನಮ್ಮ ಹೆಂಗಸರು ನಾಚಿಕೆಯಿಂದ ಕಳೆದುಕೊಳ್ಳುವ ನಿಮಿಷಗಳಿಗೆ ಲೆಕ್ಕವಿಲ್ಲ. ಆ ಹೊತ್ತಿನಲ್ಲಿ ನೀವು ಅಡ್ಡ ನಿಂತು ದುಪ್ಪಟಿ ಹಿಡಿಯಿರಿ, ಆದರೆ ಬೇಡ ಎನ್ನಬೇಡಿ.

ಆ ಗೆರೆಗಳ ಚಿತ್ರವನ್ನು ಡಾಕ್ಟರು ದೂರದ ದೊಡ್ಡ ಆಸ್ಪತ್ರೆಯ ಹೃದಯ ತಜ್ಞರಿಗೆ ಕಳಿಸಿದರು. ಚಿತ್ರ ಹೋಯಿತು, ಕೆಲವೇ ನಿಮಿಷದಲ್ಲಿ ಉತ್ತರ ಬಂತು: ಹೃದಯಾಘಾತವೇ. ಡಾಕ್ಟರು ಫೋನಿನಲ್ಲಿ ಹೇಳುತ್ತಿದ್ದರು: "ಎಂಟೂವರೆಗೆ ಶುರು ಸರ್, ಈಗ ಹತ್ತಕ್ಕೆ ಐದು ನಿಮಿಷ. ಅಂದ್ರೆ ಒಂದೂವರೆ ಗಂಟೆ ಒಳಗೇ ಇದೀವಿ."

ನನ್ನ ಹೊಟ್ಟೆಯೊಳಗೆ ಏನೋ ಕಲಕಿದಂತಾಯಿತು. ಗಂಡನ ಮುಂದೆ ಬೈಸಿಕೊಳ್ಳಬಾರದೆಂದು ನಾನು ಹೇಳಿದ ಒಂದು ಮಾತು ಇಬ್ಬರು ಡಾಕ್ಟರ ನಡುವೆ ಸತ್ಯವಾಗಿ ಓಡಾಡುತ್ತಿದೆ. ಅದರ ಮೇಲೆ ಔಷಧದ ಲೆಕ್ಕ ಹಾಕುತ್ತಿದ್ದಾರೆ. ಯಜಮಾನರು ಪಕ್ಕದಲ್ಲೇ ನಿಂತಿದ್ದರು. ಆದದ್ದಾಗಲಿ ಎಂದು ಬಾಯಿಬಿಟ್ಟೆ.

"ಡಾಕ್ಟರೆ, ಎಂಟೂವರೆಗಲ್ಲ. ಏಳಕ್ಕೇ ಶುರುವಾಗಿತ್ತು. ನಾನು ಸುಳ್ಳು ಹೇಳಿದೆ."

ಡಾಕ್ಟರು ಒಂದು ಸಲ ನನ್ನನ್ನು ನೋಡಿದರು. "ಈಗ ಹೇಳಿದ್ರಲ್ಲ, ಒಳ್ಳೇದಾಯ್ತು" ಎಂದು ಬರೆದದ್ದನ್ನು ಹೊಡೆದುಹಾಕಿ ಏಳು ಎಂದು ತಿದ್ದಿದರು. ಫೋನಿನಲ್ಲೂ ತಿದ್ದಿ ಹೇಳಿದರು. ಯಜಮಾನರು ಏನೂ ಮಾತಾಡಲಿಲ್ಲ. ಅದು ಬೈಗುಳಕ್ಕಿಂತ ಕಷ್ಟವಾಗಿತ್ತು. ಆಗ ಮುಖಕ್ಕೆ ಹಾಕಿದ್ದ ಆ ಮುಖವಾಡದ ಒಳಗಿಂದ ಅತ್ತೆಯವರ ದನಿ ಕೇಳಿಸಿತು: "ನಾನೇ ಕಣಪ್ಪ, ಫೋನ್ ಮಾಡ್ಬ್ಯಾಡ ಅಂದಿದ್ದು. ಅವ್ಳನ್ನ ಏನೂ ಅನ್ಬ್ಯಾಡ."

ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಟ್ಟರು. ಮಾರನೆಯ ದಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ದೇವರ ದಯೆ, ಅತ್ತೆಯವರು ಉಳಿದರು. ಈಗಲೂ ಪಡಸಾಲೆಯಲ್ಲಿ ಕೂತು ನನಗೆ ಅವರೆಕಾಯಿ ಸುಲಿದುಕೊಡುತ್ತಾರೆ. ಆದರೆ ಹೃದಯದ ಬಲ ಮೊದಲಿನಂತಿಲ್ಲ. ತೋಟದಿಂದ ದೇವಸ್ಥಾನಕ್ಕೆ ನಡೆದೇ ಹೋಗುತ್ತಿದ್ದವರು ಈಗ ಅಂಗಳ ದಾಟಿದರೆ ಏದುಸಿರು ಬಿಡುತ್ತಾರೆ. ಏಳು ಗಂಟೆಗೇ ಫೋನ್ ಮಾಡಿದ್ದರೆ? ಸೋಡಾ ಕುಡಿಸುವ ಬದಲು ತಾಲ್ಲೂಕು ಹೆಸರು ಹೇಳಿದ್ದರೆ? ಈ ಪ್ರಶ್ನೆ ದಿನಾ ಸಂಜೆ ದೀಪ ಹಚ್ಚುವಾಗ ನನ್ನ ಮುಂದೆ ಬಂದು ನಿಲ್ಲುತ್ತದೆ.

ಒಂದು ದಿನ ಆ ಡಾಕ್ಟರನ್ನೇ ಕೇಳಿದೆ, ಒಂದೂವರೆ ಗಂಟೆ ಹೆಚ್ಚು ಕಮ್ಮಿ ಹೇಳಿದರೆ ಏನಾಗುತ್ತಿತ್ತು ಅಂತ. ಅವರು ತಿಳಿಸಿ ಹೇಳಿದರು. ಹೃದಯಾಘಾತಕ್ಕೆ ಆ ಇಂಜೆಕ್ಷನ್ನನ್ನು ನೋವು ಶುರುವಾಗಿ ಹನ್ನೆರಡು ಗಂಟೆಯೊಳಗೆ ಕೊಡುವುದುಂಟು, ಆದರೆ ಮೊದಲ ಎರಡು ಮೂರು ಗಂಟೆಯಲ್ಲಿ ಕೊಟ್ಟರೆ ಬಹಳ ಗುಣ. ತಡವಾದಷ್ಟೂ ಗಡ್ಡೆ ಗಟ್ಟಿಯಾಗುತ್ತದೆ, ಹೃದಯದ ಮಾಂಸ ಸಾಯುತ್ತದೆ. "ನಿಮ್ಮತ್ತೆ ವಿಷಯದಲ್ಲಿ ಎರಡೂ ಲೆಕ್ಕಕ್ಕೆ ಇಂಜೆಕ್ಷನ್ ಕೊಡ್ತಿದ್ವಿ. ಆದ್ರೆ ಅದೇ ಪಾರ್ಶ್ವವಾಯು ಆಗಿದ್ರೆ?" ಎಂದರು. ಮಿದುಳಿನ ಗಡ್ಡೆಗೆ ಇಂಥ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಮಿತಿ. ಮಿತಿ ದಾಟಿದ ಮೇಲೆ ಕೊಟ್ಟರೆ ಮಿದುಳಿನಲ್ಲಿ ರಕ್ತಸ್ರಾವದ ಅಪಾಯ ಹೆಚ್ಚು. ಅಂದರೆ ಐದೂವರೆ ಗಂಟೆಯಾದದ್ದನ್ನು ನಾಲ್ಕು ಎಂದು ಹೇಳಿದರೆ, ಉಳಿಸಲು ಕೊಟ್ಟ ಔಷಧವೇ ಕೊಲ್ಲಬಹುದು. ಕೇಳಿ ನನ್ನ ಕೈಕಾಲು ತಣ್ಣಗಾದವು.

ಈಗ ನಮ್ಮ ನಾಡಿನಲ್ಲಿ ಈ ದಾರಿಯಲ್ಲಿ ಒಳ್ಳೆಯ ಕೆಲಸಗಳು ನಡೆಯುತ್ತಿವೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು 2018ರಲ್ಲಿ 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಎಂಬ ಕೆಲಸ ಶುರು ಮಾಡಿದರು. ಹೃದಯದ ಡಾಕ್ಟರನ್ನು ಮನೆ ಬಾಗಿಲಿಗೆ ತರುವುದು ಎಂದರ್ಥ. ಹಳ್ಳಿಗಾಡಿನ ಆರೋಗ್ಯ ಕೇಂದ್ರಗಳಿಗೆ ಇ.ಸಿ.ಜಿ. ಯಂತ್ರ ಕೊಡಿಸಿ, ಅಲ್ಲಿನ ವೈದ್ಯರು ಗೆರೆಗಳ ಚಿತ್ರವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ತಜ್ಞರು ನೋಡಿ ಹೇಳುವ ಏರ್ಪಾಡು. ನಾವು ಬೆಳಗಿನ ಶುಭೋದಯ ಕಳಿಸುವ ಅದೇ ವಾಟ್ಸ್‌ಆ್ಯಪು! ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು, 46ನೆಯ ವಯಸ್ಸಿಗೇ ಹೋದಾಗ ನಾವೆಲ್ಲ ಮನೆಮಗನನ್ನು ಕಳೆದುಕೊಂಡ ಹಾಗೆ ಅತ್ತೆವಲ್ಲ, ಅವರ ಹೆಸರಿನಲ್ಲೇ ರಾಜ್ಯ ಸರ್ಕಾರ 2023ರಲ್ಲಿ 'ಹೃದಯ ಜ್ಯೋತಿ' ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ಕಂಪ್ಯೂಟರೂ ನೋಡುತ್ತದೆ, ದೊಡ್ಡ ಆಸ್ಪತ್ರೆಯ ತಜ್ಞರೂ ನೋಡುತ್ತಾರೆ. ಹೃದಯಾಘಾತವೆಂದು ಖಾತ್ರಿಯಾದರೆ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಇಂಜೆಕ್ಷನ್ನನ್ನು ಅಲ್ಲೇ ಪುಕ್ಕಟೆಯಾಗಿ ಕೊಡುತ್ತಾರೆ.

ಹಾಗೆಂದು ಯಂತ್ರವನ್ನೇ ನಂಬಿ ಕೈಕಟ್ಟಿ ಕೂರುವಂತಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ 108ರ ಕರೆ ಕೇಂದ್ರದ ಕಂಪ್ಯೂಟರು ಕೈಕೊಟ್ಟು, ಸಿಬ್ಬಂದಿ ವಿವರಗಳನ್ನು ಕೈಯಲ್ಲೇ ಬರೆದುಕೊಂಡು ಗಾಡಿ ಕಳಿಸಬೇಕಾಗಿ ಬಂದದ್ದು ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಅಂಥ ದಿನ ನಕ್ಷೆಯೂ ಇಲ್ಲ, ಚುಕ್ಕೆಯೂ ಇಲ್ಲ. ಉಳಿಯುವುದು ಊರಿನ ಹೆಸರು ನೆಟ್ಟಗೆ ಹೇಳಬಲ್ಲ ಒಬ್ಬ ಮನುಷ್ಯ. ನೂರು ವರ್ಷದ ಹತ್ತಿರದ ಒಂದು ಕತೆಯನ್ನೂ ಮಗಳು ಓದಿ ಹೇಳಿದಳು. 1935ರಲ್ಲಿ ಲಂಡನ್ನಿನ ಒಂದು ಮನೆಗೆ ಬೆಂಕಿ ಬಿದ್ದು ಐವರು ಹೆಂಗಸರು ಸತ್ತರು. ಎದುರು ಮನೆಯವರು ಫೋನ್ ಮಾಡಿದ್ದರಂತೆ, ಆದರೆ ಬೇರೆ ಕರೆಗಳ ಜೊತೆ ಅವರದೂ ಸಾಲಿನಲ್ಲಿ ಕಾಯುತ್ತಲೇ ಇತ್ತು. ಆ ದುಃಖದ ಮೇಲೆಯೇ 1937ರಲ್ಲಿ ಅಲ್ಲಿ 999 ಎಂಬ ತುರ್ತು ನಂಬರು ಬಂತು. ಅವರಿಗೆ ದಾರಿಯಲ್ಲಿ ಲೈನು ಸಿಗಲಿಲ್ಲ. ನನಗೆ ಲೈನು ಸಿಕ್ಕಿತ್ತು, ನಾನೇ ಇಟ್ಟುಬಿಟ್ಟೆ.

ಆದ್ದರಿಂದ ಸೋದರಿಯರೆ, ಉಪ್ಪಿನಕಾಯಿಯ ಅಳತೆ ಬರೆದಿಟ್ಟುಕೊಳ್ಳುವ ಹಾಗೆ ಇದನ್ನೂ ಬರೆದಿಟ್ಟುಕೊಳ್ಳಿ.

ಒಂದು: ಜಿಲ್ಲೆ, ತಾಲ್ಲೂಕು, ಊರು, ಮನೆಗೆ ಬರುವ ದಾರಿಯ ಗುರುತು, ಇದೇ ಕ್ರಮದಲ್ಲಿ ಹೇಳಿ. ಊರಿಗೆ ಎರಡು ಹೆಸರಿದ್ದರೆ ಎರಡನ್ನೂ ಹೇಳಿ. 'ಅಲ್ಲೇ ಅರಳಿಕಟ್ಟೆ ಹತ್ರ' ಎಂದರೆ ಬೆಂಗಳೂರಿನವರಿಗೆ ತಿಳಿಯದು.

ಎರಡು: ಅವರು ಸಾಕು ಎನ್ನುವ ತನಕ ಫೋನ್ ಇಡಬೇಡಿ. ಇಟ್ಟ ಮೇಲೂ ಆ ಫೋನನ್ನು ಖಾಲಿ ಬಿಡಿ, ನೆಂಟರಿಗೆ ಬೇರೆ ಫೋನಿನಿಂದ ಹೇಳಿ.

ಮೂರು: ಲೊಕೇಶನ್ ಕಳಿಸುವುದನ್ನು ಇವತ್ತೇ ಮಕ್ಕಳ ಹತ್ತಿರ ಕಲಿತುಕೊಳ್ಳಿ. ಕಳಿಸುವಾಗ ಅಂಗಳಕ್ಕೆ ಬಂದು ಕಳಿಸಿ, ಚುಕ್ಕೆ ನಿಮ್ಮ ಮನೆಯ ಮೇಲೇ ಕೂತಿದೆಯೇ ನೋಡಿ. ಒಬ್ಬರನ್ನು ತಿರುವಿನಲ್ಲಿ ದೀಪ ಹಿಡಿದು ನಿಲ್ಲಿಸಿ.

ನಾಲ್ಕು: ಹೆಂಗಸರಿಗೆ ಹೃದಯಾಘಾತವಾದರೆ ಎದೆಯೇ ಒಡೆಯುವ ನೋವು ಬರಬೇಕೆಂದಿಲ್ಲ. ಉಸಿರು ಕಟ್ಟುವುದು, ತಣ್ಣನೆಯ ಬೆವರು, ವಾಂತಿ, ಗದ್ದ, ಬೆನ್ನು, ತೋಳು ನೋಯುವುದು, ಕಾರಣವಿಲ್ಲದ ಸುಸ್ತು, ಇವೂ ಇರಬಹುದು. 'ವಾಯು' ಎಂದು ನೀವೇ ತೀರ್ಪು ಕೊಡಬೇಡಿ. ಮಾತ್ರೆಯನ್ನೂ ನಿಮ್ಮಷ್ಟಕ್ಕೆ ಕೊಡಬೇಡಿ, ಫೋನಿನಲ್ಲಿರುವ ಡಾಕ್ಟರನ್ನು ಕೇಳಿ.

ಐದು: ಪ್ರಜ್ಞೆ ತಪ್ಪಿ ಉಸಿರಾಟವೂ ನಿಂತಿದ್ದರೆ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಎರಡೂ ಕೈಯಿಟ್ಟು ಬಲವಾಗಿ ಒತ್ತಿ. ದೊಡ್ಡವರಿಗೆ ಸುಮಾರು ಎರಡು ಅಂಗುಲ ಆಳ, ನಿಮಿಷಕ್ಕೆ 100ರಿಂದ 120 ಸಲ, ಗಾಡಿ ಬರುವ ತನಕ. ಫೋನನ್ನು ಸ್ಪೀಕರಿಗೆ ಹಾಕಿಕೊಂಡರೆ ಕೈ ಎರಡೂ ಬಿಡುವಾಗಿರುತ್ತವೆ.

ಆರು: ಗಡಿಯಾರ ನೋಡಿ. ಯಾವ ಹೊತ್ತಿಗೆ ಶುರುವಾಯಿತೋ ಅದೇ ಹೊತ್ತು ಹೇಳಿ. ಗಂಡ ಎದುರಿಗಿರಲಿ, ನಾದಿನಿ ಎದುರಿಗಿರಲಿ.

ಈ ಆರನೆಯದೇ ಎಲ್ಲಕ್ಕಿಂತ ಕಷ್ಟ ಎಂದು ನಿಮಗೂ ಗೊತ್ತು. ಮನೆಯಲ್ಲಿ ಏನಾದರೂ ಹೆಚ್ಚು ಕಡಿಮೆಯಾದರೆ ಮೊದಲು ಕೇಳುವುದು "ನೀನೇನು ಮಾಡ್ತಿದ್ದೆ?" ಎಂದೇ. ಆ ಪ್ರಶ್ನೆಗೆ ಹೆದರಿ ನಾವು ಹಾಲು ಉಕ್ಕಿದ್ದನ್ನೂ ಮುಚ್ಚಿಡುತ್ತೇವೆ, ಮಗು ಬಿದ್ದದ್ದನ್ನೂ ಮುಚ್ಚಿಡುತ್ತೇವೆ. ಮುಚ್ಚಿಡುವ ಆ ಅಭ್ಯಾಸವೇ ಅವತ್ತು ನನ್ನ ಬಾಯಲ್ಲಿ ಮಾತಾಡಿದ್ದು. ಇದನ್ನು ಓದುವ ಗಂಡಸರಿದ್ದರೆ ಅವರಿಗೂ ಒಂದು ಮಾತು: ಆ ಹೊತ್ತಿನಲ್ಲಿ ಬೈಯಬೇಡಿ, ಮುಖ ಗಂಟಿಕ್ಕಬೇಡಿ. ನಿಮ್ಮ ಮುಖ ನೋಡಿ ಹೆಂಗಸು ಗಂಟೆ ಬದಲಿಸಿಬಿಡುತ್ತಾಳೆ.

ಯಜಮಾನರು ಎಂಟು ದಿನ ಆ ವಿಷಯ ಎತ್ತಲಿಲ್ಲ. ಒಂಬತ್ತನೆಯ ದಿನ ಕಾಫಿ ಕುಡಿಯುತ್ತ, "ಅಲ್ಲಿ ಎಲ್ಲರ ಮುಂದೆ ನಿಜ ಹೇಳಿದೆಯಲ್ಲ, ನನ್ನ ಕೈಲಾಗ್ತಿರ್ಲಿಲ್ಲ" ಎಂದರು. ಅಷ್ಟೆ. ಮಧ್ಯಾಹ್ನ ಊರಿಗೆ ಹೋದವರು ಸುಣ್ಣದ ಡಬ್ಬಿ, ಬಣ್ಣ ತಂದು, ತೋಟಕ್ಕೆ ತಿರುಗುವ ಜಾಗದ ಕಲ್ಲಿನ ಮೇಲೆ ಮನೆಯ ಹೆಸರನ್ನು ದೊಡ್ಡದಾಗಿ ಬರೆದು ಬಾಣದ ಗುರುತು ಹಾಕಿದರು.

ನಮ್ಮ ಅಡಿಗೆಮನೆಯ ಕ್ಯಾಲೆಂಡರಿನ ಪಕ್ಕ ಈಗ ಒಂದು ಚೀಟಿ ಅಂಟಿಸಿದೆ. 108, ಕೆಳಗೆ ಚಿತ್ರದುರ್ಗ ಜಿಲ್ಲೆ, ಹೊಳಲ್ಕೆರೆ ತಾಲ್ಲೂಕು, ಹೊರಕೆರೆದೇವಪುರ, ಬರುವ ದಾರಿ. ಅತ್ತೆಯವರಿಗೆ ಓದಲು ಬರುವುದಿಲ್ಲ, ಆದರೆ ಮಗಳ ಹತ್ತಿರ ಹೇಳಿಸಿಕೊಂಡು ಬಾಯಿಪಾಠ ಮಾಡಿಕೊಂಡಿದ್ದಾರೆ. ಮೊನ್ನೆ ಅವರೆಕಾಯಿ ಸುಲಿಯುತ್ತ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. 'ದುರ್ಗ' ಎನ್ನಲಿಲ್ಲ, 'ಚಿತ್ರದುರ್ಗ' ಎಂದೇ ಅಂದರು.

ನಿಮ್ಮ ಅಡಿಗೆಮನೆಯಲ್ಲೂ ಅಂಥದ್ದೊಂದು ಚೀಟಿ ಇದೆಯೆ? ಇಲ್ಲದಿದ್ದರೆ ಈ ಪುಟ ಮಡಿಸಿಟ್ಟು ಮೊದಲು ಅದನ್ನು ಬರೆಯಿರಿ. ಮುಂದಿನ ಪುಟದ ಅಡಿಗೆ ಎಲ್ಲಿಗೂ ಹೋಗುವುದಿಲ್ಲ.